ತೋರ್ಖಮ್ ಗೇಟ್ ಬಂದ್ ಆದ್ರ ನಮ್ಮ ಒಣದ್ರಾಕ್ಷಿಗೆ ರೇಟ್ ಏರ್ತದೇನ್ರಿ?

ಪ್ರಶ್ನೆ: ಪಡದ ಮನಿ, ತಿಕೋಟಾ

ಎಲ್ಲಾರಿಗೂ ನಮಸ್ಕಾರ್ರಿ. ತಿಕೋಟಾ ಭಾಗದಾಗ ನಮ್ಮದು ದ್ರಾಕ್ಷಿ ಪಡ (ತೋಟ) ಅದ. ಹೋದ ಹಂಗಾಮಿನ ಒಣದ್ರಾಕ್ಷಿ ಒಂದಿಷ್ಟು ಬಾಕ್ಸ್ ಇನ್ನೂ ಕೋಲ್ಡ್ ಸ್ಟೋರೇಜಿನಾಗ ಕುಂತಾವ. ದೀಪಾವಳಿ ಮುಂದ ತಗದು ಮಾರಬೇಕು ಅಂತ ಮಾಡಿದ್ದೆ. ಅಷ್ಟರಾಗ ಪಾಕಿಸ್ತಾನ, ಅಫ್ಘಾನಿಸ್ತಾನದ ನಡುವ ಬಡಿದಾಟ ಹತ್ತಿ ತೋರ್ಖಮ್ ಗಡಿ ಗೇಟ್ ಬಂದ್ ಆತು ಅಂತ ಟೀವಿಯಾಗ ಬಂತು. ನಮ್ಮ ಕಡೆ ದಲಾಲರೊಬ್ಬರು, “ಇನ್ನ ಅಫ್ಘಾನ್ ಮಾಲು ಬರೂದಿಲ್ಲ, ರಂಜಾನ್ ತನಕ ಹಿಡಿ, ರೇಟ್ ಎಲ್ಲಿಗೋ ಹೋಗ್ತದ” ಅಂದ್ರು. ಅವರ ಮಾತು ಕೇಳಿ ಸುಮ್ಮನ ಕುಂತೀನಿ. ಆದ್ರ ಕೋಲ್ಡ್ ಬಾಡಿಗಿ ಓಡಾಕತ್ತದ, ಸೊಸೈಟಿ ಸಾಲದ ಕಂತೂ ಬಂದದ. ಈ ಸಲ ಮಳಿ ಕಾಟಕ್ಕ ಔಷಧಿ ಹೊಡದು ಹೊಡದು ಕೈ ಖಾಲಿ ಆಗೇದ.

ನನ್ನ ಪ್ರಶ್ನೆ ಎರಡು. ಒಂದು, ಆ ಗೇಟ್ ಬಂದ್ ಆದ್ರ ಖರೇನ ನಮ್ಮ ಮಾಲಿಗೆ ಲಾಭ ಅದ ಏನು? ಎರಡನೇದು, ಅವೆರಡೂ ಮುಸ್ಲಿಂ ದೇಶ, ಬಾಜು ಬಾಜು ಊರಿನಂಗ ಇರೋವು, ತಾಲಿಬಾನಿನವರಿಗೆ ಪಾಕಿಸ್ತಾನನ ಆಸರಾ ಕೊಟ್ಟಿತ್ತು ಅಂತ ಕೇಳೀವಿ. ಹಂಗಿದ್ದ ಮ್ಯಾಲ ಹಿಂಗ್ಯಾಕ ಆತು, ಎಷ್ಟು ದಿನ ಹಿಂಗ ಇರ್ತದ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ: ಗಾಂಧಿ ಚೌಕ ಕಾಕಾ, ವಿಜಯಪುರ

ತಮ್ಮಾ, ದೆಹಲಿಯ ಖಾರಿ ಬಾವಲಿ ಪೇಟೆಯಲ್ಲಿ ಒಣಹಣ್ಣಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಬಹಳ ವರ್ಷ ಲೆಕ್ಕ ಬರೆದು, ಈಗ ಊರಿಗೆ ಬಂದು ಒಣದ್ರಾಕ್ಷಿ ಗ್ರೇಡಿಂಗ್ ಮಾಡಿಸುತ್ತೇನೆ. ಹಾಗಾಗಿ ಆ ಮಾಲನ್ನೂ ಕಂಡಿದ್ದೇನೆ, ನಮ್ಮ ಮಾಲನ್ನೂ ಕಂಡಿದ್ದೇನೆ. ನಿನ್ನ ದಲಾಲರು ಹೇಳಿದ ಲೆಕ್ಕದಲ್ಲಿ ಅರ್ಧ ಮಾತ್ರ ಇದೆ. ಇನ್ನರ್ಧ ಅದಕ್ಕೆ ಉಲ್ಟಾ ಹೋಗುತ್ತದೆ.

ಮೊದಲು ಆಗಿದ್ದೇನು ನೋಡು. 2025ರ ಅಕ್ಟೋಬರ್ 9ರ ರಾತ್ರಿ ಕಾಬೂಲಿನಲ್ಲಿ ಸ್ಫೋಟಗಳಾದವು. ಅದೇ ದಿನ ತಾಲಿಬಾನ್ ಸರಕಾರದ ವಿದೇಶಾಂಗ ಮಂತ್ರಿ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದಿಳಿದಿದ್ದರು. 11ರ ರಾತ್ರಿ ಗಡಿಯ ಉದ್ದಕ್ಕೂ ಗುಂಡಿನ ಚಕಮಕಿ ನಡೆಯಿತು, ಮರುದಿನ ಪಾಕಿಸ್ತಾನ ತೋರ್ಖಮ್, ಚಮನ್ ಎರಡೂ ಗೇಟುಗಳನ್ನು ಮುಚ್ಚಿತು. ತೋರ್ಖಮ್ ಅಂದರೆ ಖೈಬರ್ ಕಣಿವೆಯ ತುದಿ, ಕಾಬೂಲ್‌ನಿಂದ ಪೇಶಾವರಕ್ಕೆ ಹೋಗುವ ದಾರಿ. ಚಮನ್ ಇರುವುದು ಬಲೂಚಿಸ್ತಾನದಲ್ಲಿ, ಕಂದಹಾರದವರು ಕ್ವೆಟ್ಟಾ ಕಡೆ ಇಳಿಯುವ ದಾರಿ. ಅಕ್ಟೋಬರ್ 19ರಂದು ಕತಾರ್ ಮತ್ತು ಟರ್ಕಿ ನಡುವೆ ನಿಂತು ದೋಹಾದಲ್ಲಿ ಕದನವಿರಾಮ ಮಾಡಿಸಿದವು. ಆಮೇಲೆ ಇಸ್ತಾಂಬುಲ್‌ನಲ್ಲಿ ಮಾತುಕತೆ ನಡೆಯಿತು, ಕೂಡಿಬರಲಿಲ್ಲ. ಗುಂಡು ಆಗ ಬಹುಮಟ್ಟಿಗೆ ನಿಂತಿತು, ಆದರೆ ಲಾರಿಗಳಿಗೆ ಗೇಟು ತೆರೆಯಲಿಲ್ಲ.

ಪಾಕಿಸ್ತಾನದ ಮಾತು ಇಷ್ಟು: ತೆಹ್ರೀಕ್-ಎ-ತಾಲಿಬಾನ್ ಪಾಕಿಸ್ತಾನ್ ಎಂಬ ಗುಂಪು ಅಫ್ಘಾನ್ ನೆಲದಲ್ಲಿ ಕುಳಿತು ನಮ್ಮವರನ್ನು ಕೊಲ್ಲುತ್ತಿದೆ, ಅದನ್ನು ಹಿಡಿಯಿರಿ. ಕಾಬೂಲಿನವರು, ಅದು ನಿಮ್ಮ ಮನೆಯೊಳಗಿನ ಜಗಳ, ನಮ್ಮ ತಲೆಗೆ ಕಟ್ಟಬೇಡಿ ಅನ್ನುತ್ತಾರೆ. ಇದು ಬಗೆಹರಿಯುವವರೆಗೂ ಗೇಟಿನ ಚಾವಿ ವ್ಯಾಪಾರಿಗಳ ಕೈಗೆ ಸಿಗುವುದಿಲ್ಲ. ವಿಚಾರ ಮಾಡು, ಇದೇ ಎರಡು ದೇಶಗಳು 2025ರ ಮೇ ತಿಂಗಳ ಕೊನೆಗೆ ರಾಯಭಾರಿ ದರ್ಜೆಗೆ ಸಂಬಂಧ ಏರಿಸುತ್ತೇವೆ ಅಂದಿದ್ದವು. ಐದು ತಿಂಗಳು ತುಂಬುವುದರೊಳಗೆ ಗುಂಡು ಹಾರಿದವು.

ಇನ್ನು ವ್ಯಾಪಾರ. ಎರಡೂ ಕಡೆಯ ವ್ಯಾಪಾರಿಗಳ ಚೇಂಬರಿನವರು ವರ್ಷಕ್ಕೆ 230 ಕೋಟಿ ಡಾಲರ್ ವಹಿವಾಟು ಎಂದು ಹೇಳುತ್ತಾರೆ. ಪಾಕಿಸ್ತಾನದಿಂದ ಸಿಮೆಂಟು, ಔಷಧಿ, ಹಿಟ್ಟು, ಅಕ್ಕಿ, ಸಕ್ಕರೆ ಮೇಲಕ್ಕೆ ಹೋಗುತ್ತಿದ್ದವು. ಅಲ್ಲಿಂದ ಕಲ್ಲಿದ್ದಲು, ಹತ್ತಿ, ಟೊಮೆಟೊ, ಉಳ್ಳಾಗಡ್ಡಿ, ದ್ರಾಕ್ಷಿ, ದಾಳಿಂಬೆ ಕೆಳಕ್ಕೆ ಬರುತ್ತಿದ್ದವು. ಗೇಟು ಮುಚ್ಚಿದ ಎರಡೇ ವಾರದಲ್ಲಿ ಪಾಕಿಸ್ತಾನದಲ್ಲಿ ಟೊಮೆಟೊ ಕಿಲೋಗೆ ಅವರ 600 ರೂಪಾಯಿ ಮುಟ್ಟಿತು. ಎರಡೂ ಕಡೆ ಸೇರಿ 5,000 ಕಂಟೇನರ್ ನಿಂತಿವೆ ಎಂಬ ಸುದ್ದಿ ಬಂತು.

ಈಗ ನಿನ್ನ ದಲಾಲರು ನೋಡದ ಭಾಗಕ್ಕೆ ಬರುತ್ತೇನೆ. ಅಕ್ಟೋಬರ್ ಅಂದರೆ ಅಲ್ಲಿ ದ್ರಾಕ್ಷಿ ಸುಗ್ಗಿಯ ಕೊನೆಯ ಕಾಲ. ಹಸಿ ದ್ರಾಕ್ಷಿಗೆ ಅವರ ದೊಡ್ಡ ಗಿರಾಕಿಯೇ ಪಾಕಿಸ್ತಾನ. ಲಾರಿ ತುಂಬಿ ತೋರ್ಖಮ್‌ಗೆ ಬಂದರೆ ಗೇಟು ಬಂದ್. ಹಣ್ಣು ನಾಲ್ಕು ದಿನವೂ ತಡೆಯುವುದಿಲ್ಲ. ಇನ್ನೂ ಬಳ್ಳಿಯಲ್ಲಿ ಹಣ್ಣಿರುವ ರೈತ ಆಗ ಏನು ಮಾಡುತ್ತಾನೆ? ನಮ್ಮಲ್ಲಿ ಮಾರ್ಚ್‌ನಲ್ಲಿ ತಿನ್ನುವ ಹಣ್ಣಿನ ರೇಟ್ ಬಿದ್ದಾಗ ನೀನೇನು ಮಾಡುತ್ತೀ? ಒಣಗಿಸುತ್ತೀ. ಅವನೂ ಒಣಗಿಸುತ್ತಾನೆ. ಅಂದರೆ ಗೇಟು ಮುಚ್ಚಿದ್ದಕ್ಕೆ ಅಲ್ಲಿ ಒಣದ್ರಾಕ್ಷಿ ಕಡಿಮೆಯಾಗುವ ಕಾರಣವೇ ಇಲ್ಲ, ಹೆಚ್ಚಾಗುವ ಕಾರಣ ಇದೆ. ಆ ಮಾಲು ಎಲ್ಲಾದರೂ ಹೋಗಲೇಬೇಕು, ಅದರ ದೊಡ್ಡ ಮಾರುಕಟ್ಟೆಗಳಲ್ಲಿ ನಮ್ಮ ದೇಶವೂ ಒಂದು.

“ಹೋಗುವ ದಾರಿಯೇ ಬಂದ್ ಆಯಿತಲ್ಲ” ಅನ್ನಬಹುದು. ಆ ದಾರಿಯ ಕಥೆಯನ್ನು ಅಂಗಡಿಯ ಲೆಕ್ಕದ ವಹಿಯಲ್ಲೇ ನೋಡಿದವ ನಾನು. ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನ 2010ರಲ್ಲಿ ಒಂದು ಸಾಗಣೆ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಅಫ್ಘಾನ್ ಲಾರಿ ಮಾಲು ತುಂಬಿಕೊಂಡು ಪೇಶಾವರ, ಲಾಹೋರ್ ದಾಟಿ ವಾಘಾ ತನಕ ಬರಬಹುದಿತ್ತು. ಅಲ್ಲಿ ಮಾಲನ್ನು ನಮ್ಮ ಲಾರಿಗೆ ಬದಲಿಸಿ ಅಟಾರಿಗೆ (ಗಡಿಯ ನಮ್ಮ ಬದಿಗೆ) ತರಬೇಕಿತ್ತು. ತಿರುಗಿ ಹೋಗುವಾಗ ಮಾತ್ರ ನಮ್ಮ ದೇಶದ ಒಂದು ಚೀಲವನ್ನೂ ಹೇರಿಕೊಳ್ಳುವಂತಿರಲಿಲ್ಲ, ಹೆಚ್ಚಾಗಿ ಖಾಲಿಯೇ ಹೋಗುತ್ತಿತ್ತು. ಎರಡೂ ಕಡೆಯ ಬಾಡಿಗೆ ಒಂದೇ ಕಡೆಯ ಮಾಲಿನ ಮೇಲೆ ಬೀಳುತ್ತಿತ್ತು. ಆ ದಾರಿ ಯಾವತ್ತೂ ನೆಟ್ಟಗೆ ನಡೆದದ್ದಲ್ಲ. ಪಹಲ್ಗಾಮ್ ಹತ್ಯೆಗಳ ನಂತರ 2025ರ ಏಪ್ರಿಲ್‌ನಲ್ಲಿ ನಮ್ಮವರು ಅಟಾರಿ ಮುಚ್ಚಿದರು. ಪಾಕಿಸ್ತಾನವೂ ತನ್ನ ನೆಲದ ಮೇಲಿಂದ ಹಾಯುವ ಭಾರತದ ವ್ಯಾಪಾರವನ್ನೆಲ್ಲ ನಿಲ್ಲಿಸಿತು. ನಡುವೆ ಸಿಕ್ಕಿಬಿದ್ದ ಒಣಹಣ್ಣಿನ 160 ಅಫ್ಘಾನ್ ಟ್ರಕ್‌ಗಳಿಗೆ ಮೇ ತಿಂಗಳಲ್ಲಿ ನಮ್ಮ ಸರಕಾರ ವಿಶೇಷ ಅನುಮತಿ ಕೊಟ್ಟಿತು. ಅಂದರೆ ಅಕ್ಟೋಬರ್‌ಗಿಂತ ಆರು ತಿಂಗಳ ಮೊದಲೇ ಆ ದಾರಿ ನಂಬುವಂಥದ್ದಾಗಿ ಉಳಿದಿರಲಿಲ್ಲ. ದೊಡ್ಡ ಆಮದುದಾರರು ಅಷ್ಟರಲ್ಲಿ ಇರಾನಿನ ಕಡೆ ಮುಖ ಮಾಡಿದ್ದರು.

ಅವರ ಮಾಲು ಹೇಗಿರುತ್ತದೆ ಎಂದು ನಮ್ಮ ಹುಡುಗರಿಗೆ ತಿಳಿದಿರಲಿ ಅಂತ ಹೇಳುತ್ತೇನೆ. ಚೀಲ ಬಿಚ್ಚಿ ಒಂದು ಮುಷ್ಟಿ ಬಿಳಿ ಕಾಗದದ ಮೇಲೆ ಸುರಿದರೆ ಉದ್ದ ಕಾಳು, ತಿಳಿ ಹಸಿರು, ಕೈಗೆ ಅಂಟುವುದಿಲ್ಲ. ಅಲ್ಲಲ್ಲಿ ಕಡ್ಡಿ ಇರುತ್ತದೆ, ತೊಳೆಯದ ಮಾಲಾದರೆ ಹಲ್ಲಿಗೆ ಸಣ್ಣ ಮರಳೂ ಸಿಗುತ್ತದೆ. ಅವರು ಹಸಿರು ಮಾಲು ಒಣಗಿಸುವುದು ಕಿಶ್ಮಿಶ್ ಖಾನಾ ಎಂಬ ಮಣ್ಣಿನ ಕಟ್ಟಡದಲ್ಲಿ. ಗೋಡೆ ತುಂಬ ಕಿಂಡಿ, ಒಳಗೆ ಕತ್ತಲೆ, ಗೊಂಚಲುಗಳನ್ನು ಸಾಲು ಸಾಲಾಗಿ ತೂಗುಬಿಟ್ಟಿರುತ್ತಾರೆ. ಒಣ ಗಾಳಿ ಆಡಿ ಆಡಿ ವಾರಗಟ್ಟಲೆ ಒಣಗುತ್ತದೆ. ನಾವು ಪೊಟ್ಯಾಶಿಯಂ ಕಾರ್ಬೊನೇಟು, ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ ರ್‍ಯಾಕಿಗೆ ಹಾಕುತ್ತೇವೆ, ಎರಡು ವಾರದ ಆಸುಪಾಸು ಮಾಲು ತಯಾರು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ನಮ್ಮದು ಮೆತ್ತಗೆ, ಸಿಹಿ ಹೆಚ್ಚು, ಬಣ್ಣ ಒಂದೇ ಸಮ. ಬೇಕರಿಯವರು, ಮಿಠಾಯಿಯವರು, ಪಾಯಸಕ್ಕೆ ಕೊಳ್ಳುವ ಮನೆಯವರು ನಮ್ಮದನ್ನೇ ಕೇಳುತ್ತಾರೆ. ಉಡುಗೊರೆ ಡಬ್ಬಿಗೆ, ದೆಹಲಿ–ಪಂಜಾಬದ ಗಿರಾಕಿಗೆ ಆ ಉದ್ದ ಹಸಿರು ಕಾಳು ಬೇಕು. ಎರಡೂ ಒಂದೇ ಕಪಾಟಿನಲ್ಲಿ ಇದ್ದರೂ ಎಲ್ಲ ಗಿರಾಕಿಗಳೂ ಒಬ್ಬರೇ ಅಲ್ಲ. ಅದು ಬರದಿದ್ದರೆ ಅದರ ಗಿರಾಕಿಯೆಲ್ಲ ನಮ್ಮ ಕಡೆ ತಿರುಗುತ್ತಾನೆ ಅನ್ನುವುದು ತಪ್ಪು ಲೆಕ್ಕ.

ಉತ್ತರ: ಗೋಳಗುಮ್ಮಟ ರಸ್ತೆ, ನಿವೃತ್ತ ಉಪನ್ಯಾಸಕ

ಕಾಕಾ ಅವರು ವ್ಯಾಪಾರದ ಮುಖ ಹೇಳಿದ್ದಾರೆ. “ಹಿಂಗ್ಯಾಕ ಆತು” ಎಂಬ ಎರಡನೆಯ ಪ್ರಶ್ನೆಗೆ ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇದನ್ನು ತರಗತಿಯಲ್ಲಿ ಹೇಳುವಾಗೆಲ್ಲ ನನಗೆ ಸಂಕಟವಾಗುತ್ತಿತ್ತು, ಏಕೆಂದರೆ ಪ್ರತಿ ಸಲವೂ ಪೆಟ್ಟು ತಿಂದವರು ಹಣ್ಣು ಬೆಳೆಯುವವರು, ಲಾರಿ ಹೊಡೆಯುವವರು.

ಜಗಳ ಹೊಸದಲ್ಲ. 1893ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಟಿಮರ್ ಡ್ಯುರಾಂಡ್ ಮತ್ತು ಅಫ್ಘಾನ್ ದೊರೆ ಅಮೀರ್ ಅಬ್ದುರ್ ರಹಮಾನ್ ನಡುವೆ ಒಪ್ಪಿಗೆಯಾದ ಗೆರೆಯೇ ಇಂದಿನ ಗಡಿ, 2,600 ಕಿ.ಮೀ.ಗಿಂತ ಉದ್ದ. ಅದು ಪಶ್ತೂನರ ಊರುಗಳನ್ನು, ಬಂಧುಬಳಗವನ್ನು ಎರಡು ಪಾಲು ಮಾಡಿತು. ಕಾಬೂಲಿನ ಯಾವ ಸರಕಾರವೂ, ರಾಜನದಿರಲಿ, ಎಡಪಕ್ಷದವರದಿರಲಿ, ತಾಲಿಬಾನರದಿರಲಿ, ಅದನ್ನು ಮನಸಾರೆ ಗಡಿ ಎಂದು ಒಪ್ಪಿಲ್ಲ. 1947ರ ಸೆಪ್ಟೆಂಬರ್ 30ರಂದು ಪಾಕಿಸ್ತಾನ ವಿಶ್ವಸಂಸ್ಥೆಗೆ ಸೇರುವಾಗ ವಿರುದ್ಧ ಮತ ಹಾಕಿದ ಒಂದೇ ದೇಶ ಅಫ್ಘಾನಿಸ್ತಾನ. ಆಮೇಲೆ ಆ ಮತವನ್ನು ಹಿಂತೆಗೆದುಕೊಂಡಿತು, ಮನಸ್ಸಿನ ಹುಳಿ ಮಾತ್ರ ಹೋಗಲಿಲ್ಲ. ಎರಡೂ ಒಂದೇ ಧರ್ಮದವರ ದೇಶಗಳಲ್ಲವೇ ಎಂದು ನೀವು ಕೇಳಿದಿರಿ. ಧರ್ಮ ಒಂದಾದ ಮಾತ್ರಕ್ಕೆ ನೆಲದ ಗೆರೆಯ ತಕರಾರು ಬಗೆಹರಿಯುವುದಿಲ್ಲ. 1996ರಲ್ಲಿ ತಾಲಿಬಾನರು ಮೊದಲ ಸಲ ಕಾಬೂಲ್ ಹಿಡಿದ ಮೇಲೆ ಅವರಿಗೆ ಮನ್ನಣೆ ಕೊಟ್ಟದ್ದು ಪಾಕಿಸ್ತಾನ, ಸೌದಿ ಅರೇಬಿಯಾ, ಯುಎಇ ಮೂರೇ ದೇಶಗಳು. ಆಗಲೂ ಆ ಗೆರೆಗೆ ಕಾಬೂಲಿನ ಸಹಿ ಬೀಳಲಿಲ್ಲ.

ಇನ್ನು ಗಡಿ ಮುಚ್ಚಿದ ಚರಿತ್ರೆ. 1950ರಲ್ಲಿ ಪಾಕಿಸ್ತಾನ ಪೆಟ್ರೋಲ್ ಹೋಗದಂತೆ ತಡೆದಾಗ ಕಾಬೂಲ್ ಅದೇ ವರ್ಷ ಸೋವಿಯತ್ ಒಕ್ಕೂಟದ ಜೊತೆ ವ್ಯಾಪಾರದ ಒಪ್ಪಂದ ಮಾಡಿಕೊಂಡಿತು. 1955ರಲ್ಲಿ ಮತ್ತೆ ಕೆಲವು ತಿಂಗಳು ಗಡಿ ಮುಚ್ಚಿತು, ಸೋವಿಯತ್ ನೆಲದ ಮೂಲಕ ಮಾಲು ಸಾಗಿಸುವ ಒಪ್ಪಂದ ಆಯಿತು.

ತಿಕೋಟಾದ ಗೆಳೆಯರೇ, 1961ರದ್ದನ್ನು ನೀವು ಕೇಳಲೇಬೇಕು. ಆ ವರ್ಷ ಆಗಸ್ಟ್‌ನಲ್ಲಿ ಪಾಕಿಸ್ತಾನ ತನ್ನ ನೆಲದಲ್ಲಿದ್ದ ಅಫ್ಘಾನ್ ಕಾನ್ಸುಲೇಟುಗಳನ್ನೂ ವ್ಯಾಪಾರ ಕಚೇರಿಗಳನ್ನೂ ಮುಚ್ಚಿಸಿತು. ಸೆಪ್ಟೆಂಬರ್‌ನಲ್ಲಿ ರಾಜತಾಂತ್ರಿಕ ಸಂಬಂಧವೇ ಕಡಿಯಿತು, ಗಡಿ ಬಂದ್. ಸರಿಯಾಗಿ ದ್ರಾಕ್ಷಿ, ದಾಳಿಂಬೆ ಕೊಯ್ಲಿನ ಹೊತ್ತು. ಪ್ರತಿವರ್ಷ ಪೇಶಾವರದ ದಾರಿಯಲ್ಲಿ ಪಾಕಿಸ್ತಾನಕ್ಕೂ ಭಾರತಕ್ಕೂ ಬರುತ್ತಿದ್ದ ಹಣ್ಣು ಬಳ್ಳಿಯಲ್ಲೇ ಉಳಿಯುವ ಸ್ಥಿತಿ. ಆಗ ಹಣ್ಣನ್ನು ವಿಮಾನದಲ್ಲಿ ಹೇರಿದರು. ಸೋವಿಯತ್ ವಿಮಾನಗಳು ದ್ರಾಕ್ಷಿ ಹೊತ್ತು ಉತ್ತರಕ್ಕೆ ಹಾರಿದವು, ಭಾರತಕ್ಕೂ ಆಕಾಶದ ದಾರಿಯಲ್ಲಿ ಹಣ್ಣು ಬಂತು. ಎರಡು ಚಳಿಗಾಲ ಹಾಗೇ ಕಳೆಯಿತು. ಅಫ್ಘಾನ್ ಖಜಾನೆಗೆ ಸುಂಕದ ಆದಾಯ ಬತ್ತಿತು, ಪ್ರತಿವರ್ಷ ಚಳಿಗೆ ಕುರಿ ಹೊಡೆದುಕೊಂಡು ಕೆಳಗಿಳಿಯುತ್ತಿದ್ದ ಕೂಚಿ ಅಲೆಮಾರಿಗಳೂ ಗಡಿಯಲ್ಲಿ ತಡೆದು ನಿಂತರು. ಅಫ್ಘಾನ್ ಪ್ರಧಾನಿ ದಾವೂದ್ ಖಾನ್ 1963ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟ ಮೇಲೆ, ಇರಾನಿನ ದೊರೆ ಶಹಾ ನಡುವೆ ನಿಂತು, ಮೇ ತಿಂಗಳಲ್ಲಿ ತೆಹ್ರಾನಿನಲ್ಲಿ ರಾಜಿ ಆಯಿತು. 1965ರಲ್ಲಿ ಎರಡೂ ದೇಶಗಳ ಸಾಗಣೆ ಒಪ್ಪಂದಕ್ಕೆ ಸಹಿ ಬಿತ್ತು.

ನನ್ನ ಎಣಿಕೆ ಇಷ್ಟೇ. ಗಡಿ ಮುಚ್ಚಿದಾಗಲೆಲ್ಲ ಕಾಬೂಲ್ ಇನ್ನೊಂದು ಬಾಗಿಲು ಹುಡುಕಿದೆ, ಹಾಗೆ ಹೋದ ವ್ಯಾಪಾರ ಪೂರ್ತಿಯಾಗಿ ಪೇಶಾವರಕ್ಕೆ ತಿರುಗಿ ಬಂದಿಲ್ಲ. ಈ ಸಲವೂ ಅದೇ ನಡೆದಿದೆ. 2025ರ ನವೆಂಬರ್ 12ರಂದು ತಾಲಿಬಾನ್ ಸರಕಾರದ ಉಪಪ್ರಧಾನಿ ಅಬ್ದುಲ್ ಘನಿ ಬರಾದರ್ ತಮ್ಮ ವ್ಯಾಪಾರಿಗಳಿಗೆ ಬಹಿರಂಗವಾಗಿಯೇ ಹೇಳಿದರು: ಪಾಕಿಸ್ತಾನ ಬಿಟ್ಟು ಬೇರೆ ದಾರಿ ನೋಡಿಕೊಳ್ಳಿ, ಅಲ್ಲಿಂದ ಔಷಧಿ ತರುವವರು ಮೂರು ತಿಂಗಳಲ್ಲಿ ಲೆಕ್ಕ ಮುಗಿಸಿಕೊಳ್ಳಿ. ಅವರ ವಾಣಿಜ್ಯ ಇಲಾಖೆ ಕೊಟ್ಟ ಅಂಕಿಗಳ ಪ್ರಕಾರ ಆರು ತಿಂಗಳಲ್ಲಿ ಇರಾನಿನ ಜೊತೆಗಿನ ವ್ಯಾಪಾರ 160 ಕೋಟಿ ಡಾಲರ್, ಪಾಕಿಸ್ತಾನದ ಜೊತೆ 110 ಕೋಟಿ. ಸಮುದ್ರವಿಲ್ಲದ ದೇಶಕ್ಕೆ ಕರಾಚಿಯೇ ಗತಿ ಎಂದು ನಾವು ಓದಿದ ಪಾಠ ಈಗ ಹಳತಾಯಿತು.

ನಮ್ಮ ಊರಿನವರಿಗೆ ಇದು ಅಷ್ಟು ಅಪರಿಚಿತ ವಿಷಯವೂ ಅಲ್ಲ. ಆದಿಲ್‌ಶಾಹಿ ದರಬಾರಕ್ಕೂ ಇರಾನಿನ ಸಫವಿ ದರಬಾರಕ್ಕೂ ರಾಯಭಾರಿಗಳ ಹೋಗಿಬರುವಿಕೆ ಇತ್ತು, ದಾಭೋಳ ಬಂದರಿನಲ್ಲಿ ಕುದುರೆ ಇಳಿಯುತ್ತಿದ್ದವು. ನಡುವಿನ ನೆಲದ ದಾರಿ ಮೊಘಲರ ಕೈಯಲ್ಲಿದ್ದರೂ ಸಮುದ್ರದ ದಾರಿ ಇವರಿಗೆ ತೆರೆದಿತ್ತು.

ಉತ್ತರ: ಲಾರಿ ಆಫೀಸ್, ಬೆಳಗಾವಿ

ಸರ, ಕಾಕಾ, ಇಬ್ಬರೂ ಚಲೋ ಬರದೀರಿ. ನಾನು ಬೆಳಗಾವಿಯಾಗ ಟ್ರಾನ್ಸ್‌ಪೋರ್ಟ್ ಕೆಲಸ ಮಾಡ್ತೀನಿ, ನಮ್ಮ ಗಾಡಿ ನ್ಹಾವಾ ಶೇವಾ, ಮುಂದ್ರಾ ಬಂದರಿಗೆ ಹೋಗಿ ಬರ್ತಾವ. ಇರಾನ್ ದಾರಿ ಬಗ್ಗೆ ನನಗ ಗೊತ್ತಿದ್ದಷ್ಟು ಹೇಳ್ತೀನಿ.

ಕಂದಹಾರ, ಹೇರಾತ್ ಕಡೆಯಿಂದ ಮಾಲು ಜರಂಜ್ ಅನ್ನೋ ಗಡಿ ಊರಿಗೆ ಬರತೈತಿ. ದೇಲಾರಾಮ್‌ನಿಂದ ಜರಂಜ್ ತನಕ 218 ಕಿ.ಮೀ. ರಸ್ತೆ ಹಾಕಿದವರು ನಮ್ಮ ಬಾರ್ಡರ್ ರೋಡ್ಸ್‌ನವರು, 2009ರಾಗ ಅಫ್ಘಾನ್ ಸರಕಾರಕ್ಕ ಒಪ್ಪಿಸಿದ್ರು. ಅದನ್ನ ಹಾಕುವಾಗ ನಮ್ಮವರು ಜೀವಾ ಕಳ್ಕೊಂಡಾರ, ಅದನ್ನ ಮರೀಬಾರದು. ಜರಂಜ್ ದಾಟಿದ್ರ ಇರಾನ್, ಅಲ್ಲಿಂದ ಕೆಳಗ ಚಾಬಹಾರ್ ಬಂದರು. 2016ರಾಗ ಭಾರತ, ಇರಾನ್, ಅಫ್ಘಾನಿಸ್ತಾನ ಮೂರೂ ಕೂಡಿ ಒಪ್ಪಂದ ಮಾಡಿದ್ವು. 2017ರಾಗ ಕಾಂಡ್ಲಾದಿಂದ ಗೋದಿ ಹೋತು, 2019ರ ಫೆಬ್ರವರಿಯಾಗ ಆ ಕಡೆಯಿಂದ ಮೊದಲನೇ ಮಾಲು ಈ ಕಡೆ ಹೊಂಟ್ತು. 2024ರ ಮೇದಾಗ ನಮ್ಮ ಇಂಡಿಯಾ ಪೋರ್ಟ್ಸ್ ಗ್ಲೋಬಲ್ ಕಂಪನಿ ಅಲ್ಲಿ ಶಹೀದ್ ಬೆಹೆಶ್ತಿ ಟರ್ಮಿನಲ್ ನಡಸಾಕ 10 ವರ್ಷದ ಕರಾರು ಮಾಡೈತಿ.

ಆದ್ರ ಇದಕ್ಕೂ ಒಂದು ತೊಡಕು ಐತಿ. ಇರಾನಿನ ಮ್ಯಾಲ ಅಮೆರಿಕದ ನಿರ್ಬಂಧ. ಚಾಬಹಾರಕ್ಕ ಕೊಟ್ಟಿದ್ದ ವಿನಾಯಿತಿ 2025ರ ಸೆಪ್ಟೆಂಬರ್ 29ಕ್ಕ ತಗದ್ರು, ಮತ್ತ ಅಕ್ಟೋಬರ್ ಕಡೀಕ ಭಾರತಕ್ಕ ಆರು ತಿಂಗಳ ಸಡಿಲಿಕೆ ಕೊಟ್ರು. ಲೆಕ್ಕ ಹಾಕ್ರಿ, ಅದು ಮುಗಿಯೂದು 2026ರ ಏಪ್ರಿಲ್ ಹೊತ್ತಿಗೆ. ನಿಮ್ಮ ಹೊಸಾ ಮಾಲು ರ್‍ಯಾಕಿನಿಂದ ಇಳಿಯೂದೂ ಆಗೇ. ತೋರ್ಖಮ್ ಗೇಟಿಗಿಂತ ಆ ಸಡಿಲಿಕೆ ಮ್ಯಾಲ ಕಣ್ಣಿಡೂದು ಚಲೋ ಅಂತ ನನ್ನ ಅನಿಸಿಕೆ. ಇರಾನಿನ ಇನ್ನೊಂದು ಬಂದರು ಬಂದರ್ ಅಬ್ಬಾಸ್ ದಾರಿನೂ ಐತಿ, ಸುತ್ತು ಹೆಚ್ಚು.

ಸರ ವಿಮಾನದ ಮಾತೂ ಎತ್ಯಾರ. 2017ರ ಜೂನ್‌ದಾಗ ಕಾಬೂಲ್–ದಿಲ್ಲಿ ನಡುವ ಸರಕು ವಿಮಾನ ಶುರು ಮಾಡಿದ್ರು. 2025ರ ನವೆಂಬರ್‌ದಾಗ ಅಫ್ಘಾನ್ ವಾಣಿಜ್ಯ ಮಂತ್ರಿ ನೂರುದ್ದೀನ್ ಅಜೀಜಿ ದಿಲ್ಲಿಗೆ ಬಂದಾಗ ಕಾಬೂಲ್–ದಿಲ್ಲಿ, ಕಾಬೂಲ್–ಅಮೃತಸರ ವಿಮಾನ ದಾರಿ ಮತ್ತ ಚಾಲೂ ಮಾಡೂದಾಗಿ ಹೇಳ್ಯಾರ. ಕೇಸರಿ, ಹಿಂಗು, ಚಿಲಗೋಜಾದಂಥ (ಪೈನ್ ಮರದ ಬೀಜ) ತುಟ್ಟಿ ಮಾಲಿಗೆ ಆ ಬಾಡಿಗಿ ತಡೀತೈತಿ. ಒಣದ್ರಾಕ್ಷಿ ಟನ್‌ಗಟ್ಟಲೆ ಹೇರಾಕ ವಿಮಾನ ಕಷ್ಟ.

ಇನ್ನೊಂದು ಮಾತು ಬೆಳೆಗಾರರು ಗಟ್ಟಿಯಾಗಿ ಕೇಳಬೇಕು. ಅಫ್ಘಾನ್ ಮಾಲಿಗೆ ನಮ್ಮಲ್ಲಿ ಸುಂಕದ ರಿಯಾಯಿತಿ ಐತಿ. 2003ರಾಗ ಎರಡೂ ದೇಶ ಮಾಡಿದ ಒಪ್ಪಂದದಾಗ 38 ಸಾಮಾನಿಗೆ ರಿಯಾಯಿತಿ ಕೊಟ್ರು, ಒಣದ್ರಾಕ್ಷಿನೂ ಅದರಾಗ ಬಂತು. ಮುಂದ 2007ರಾಗ ಅಫ್ಘಾನಿಸ್ತಾನ ದಕ್ಷಿಣ ಏಷ್ಯಾ ದೇಶಗಳ ಕೂಟ ಸಾರ್ಕ್ ಸೇರಿದ ಮ್ಯಾಲ, ಆ ಕೂಟದ ಮುಕ್ತ ವ್ಯಾಪಾರ ಒಪ್ಪಂದ ಸಾಫ್ಟಾದ ರಿಯಾಯಿತಿನೂ ಕೂಡ್ತು. ಖರೇ ಅಫ್ಘಾನ್ ರೈತ ಬೆಳದದ್ದಕ್ಕ ಅದು ಸಿಗಲಿ, ನನಗೇನೂ ಹೊಟ್ಟಿಕಿಚ್ಚು ಇಲ್ಲ. ಆದ್ರ ಚೀನಾದ ಮಾಲು ಅಫ್ಘಾನ್ ಹೆಸರಿನ ಮ್ಯಾಲ, ನೇಪಾಳದ ದಾರಿಯಿಂದ ಒಳಗ ಬರತೈತಿ ಅಂತ 2025ರಾಗ ಸಾಂಗ್ಲಿ, ನಾಸಿಕ್ ಕಡೆ ಬೆಳೆಗಾರರು ದೂರು ಕೊಟ್ಟಾರ. ಯಾವ ದೇಶದಾಗ ಬೆಳದದ್ದು ಅನ್ನೋ ಪ್ರಮಾಣಪತ್ರ ಬಂದರಿನಾಗ ಸರಿಯಾಗಿ ನೋಡ್ರಿ ಅಂತ ನಮ್ಮ ಜಿಲ್ಲಾದ ಬೆಳೆಗಾರರೂ ದನಿ ಎತ್ತಬೇಕು. ಅಲ್ಲಿ ಸಿಗೂ ಪರಿಹಾರ ಗೇಟ್ ಬಂದ್ ಆಗೂದರಿಂದ ಸಿಗೂದಿಲ್ಲ.

ಉತ್ತರ: ದಾಳಿಂಬ್ರಿ, ಬಾಗಲಕೋಟೆ

ನಡುವ ಬಾಯಿ ಹಾಕ್ತೀನಿ ಕಾಕಾ. ನಂದು ದಾಳಿಂಬ್ರಿ ತೋಟ. ಕಂದಹಾರದ ದಾಳಿಂಬ್ರಿ ಹೆಸರು ಕೇಳೇನಿ. ಪಾಕಿಸ್ತಾನಕ್ಕ ಹೋಗದ ಹಣ್ಣೆಲ್ಲಾ ನಮ್ಮ ದೇಶಕ್ಕ ಬಂದು ಬಿದ್ರ ನಮ್ಮ ಗತಿ ಏನು?

ಉತ್ತರ: ಗಾಂಧಿ ಚೌಕ ಕಾಕಾ, ವಿಜಯಪುರ

ಬಾಗಲಕೋಟೆಯವರಿಗೆ: ಆ ಭಯ ಬೇಡ. ಕಂದಹಾರದ ದಾಳಿಂಬೆ ದೊಡ್ಡದು, ರಸ ಬಹಳ, ಚಮನ್ ದಾಟಿ ಕ್ವೆಟ್ಟಾದ ಮಾರುಕಟ್ಟೆಗೆ ಸೇರುವುದೇ ಅದರ ಹತ್ತಿರದ ದಾರಿ. ಚಮನ್ ಮುಚ್ಚಿದರೆ ಹಸಿ ಹಣ್ಣು ಜರಂಜ್, ಚಾಬಹಾರ್, ಹಡಗು ಎಂದು ಸುತ್ತು ಹಾಕಿ ಇಲ್ಲಿ ಬರುವಷ್ಟರಲ್ಲಿ ಬಾಡಿಗೆಯೇ ಹಣ್ಣಿನ ಬೆಲೆ ಮೀರುತ್ತದೆ. ಆ ಹಣ್ಣು ಅಲ್ಲೇ ಕೊಳೆಯುತ್ತದೆ, ಅಥವಾ ಬಂದ ಬೆಲೆಗೆ ಒಳಗೇ ಮಾರಿಹೋಗುತ್ತದೆ. ಇದನ್ನು ಸಮಾಧಾನದಿಂದ ಬರೆಯಲು ನನಗೆ ಆಗುವುದಿಲ್ಲ. ವರ್ಷವಿಡೀ ನೀರು ಹಾಯಿಸಿ, ಕೊಯ್ದು, ಹುಲ್ಲು ಹಾಸಿ ಕ್ರೇಟು ತುಂಬಿದವನು ಗೇಟಿನ ಮುಂದೆ ಲಾರಿ ಕೆಳಗೆ ಮಲಗಿ ಕಾಯುವುದು ಅಂದರೆ ಏನೆಂದು ದಾಳಿಂಬೆಯ ಚುಕ್ಕೆ ರೋಗ ಕಂಡ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಬೆಳಗಾವಿಯವರು ಪ್ರಮಾಣಪತ್ರದ ಬಗ್ಗೆ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಖಾರಿ ಬಾವಲಿಯಲ್ಲಿ ಅಫ್ಘಾನ್ ಎಂದು ಬರೆದ ಡಬ್ಬಿಗಳೆಲ್ಲ ಒಂದೇ ಜಾತಿಯವಾಗಿರುತ್ತಿರಲಿಲ್ಲ. ಕಾಳಿನ ಬುಡ ನೋಡಿ ಹೇಳುವ ಹಳೆಯ ಕಸುಬುದಾರರಿದ್ದರು. ಬಂದರಿನಲ್ಲಿ ಕಾಗದ ನೋಡುವವರಿಗೂ ಆ ಕಣ್ಣು ಬರಬೇಕು.

ಮರುಪ್ರಶ್ನೆ: ಪಡದ ಮನಿ, ತಿಕೋಟಾ

ಕಾಕಾ, ಸರ, ಎಲ್ಲಾರಿಗೂ ಭಾಳ ಉಪಕಾರ ಆತು. 1961ರದ್ದು ಓದಿ ನಮ್ಮ ಅಪ್ಪಗೂ ಹೇಳಿದೆ. ಹಂಗಾರ ಕಾಕಾ, ಒಂದೇ ಮಾತಿನಾಗ ಹೇಳ್ರಿ, ಹಿಡೀಲೋ, ಮಾರಲೋ? ದಲಾಲರು ಹೇಳಿದಂಗ ರಂಜಾನ್ ಬೇಡಿಕೆ ಅಂತೂ ಇರ್ತದಲ್ಲ? ಮತ್ತ ನಾಳೆ ಆ ಗೇಟ್ ತೆರೆದ್ರ ರೇಟ್ ಒಮ್ಮೆಲೆ ಬೀಳ್ತದ ಅನ್ನೂ ಅಂಜಿಕಿನೂ ಅದ.

ಉತ್ತರ: ಗಾಂಧಿ ಚೌಕ ಕಾಕಾ, ವಿಜಯಪುರ

ತಮ್ಮಾ, ರಂಜಾನ್ ಈ ಸಲ 2026ರ ಫೆಬ್ರವರಿಯಲ್ಲೇ ಶುರು. ಅದರ ಖರೀದಿ ಜನವರಿಯಲ್ಲೇ ನಡೆಯುತ್ತದೆ, ಯಾಕೆಂದರೆ ಮುಂಬೈ, ಹೈದರಾಬಾದಿನ ಅಂಗಡಿಗೆ ಮಾಲು ಮೊದಲೇ ಮುಟ್ಟಬೇಕು. ರಂಜಾನ್ ಶುರುವಾದ ಮೇಲೆ ತೆಗೆಯುತ್ತೇನೆ ಅಂದರೆ ಅಷ್ಟರಲ್ಲಿ ಹೊಸ ಮಾಲಿನ ಸುದ್ದಿ ಬಂದಿರುತ್ತದೆ, ಹಳೆಯ ಮಾಲಿನ ಬಣ್ಣ ಸ್ವಲ್ಪ ಕಂದಿದ್ದರೂ ವ್ಯಾಪಾರಿ ಅದನ್ನೇ ಹಿಡಿದು ಎಳೆಯುತ್ತಾನೆ. ಆದ್ದರಿಂದ ಸಾಲದ ಕಂತಿಗೆ ಎಷ್ಟು ಬೇಕೋ ಅಷ್ಟು ಬಾಕ್ಸ್ ಈಗಲೇ ತೆಗೆ. ಉಳಿದದ್ದನ್ನು ಜನವರಿಯೊಳಗೆ ಮುಗಿಸು. ಗಡಿಯ ಸುದ್ದಿ ಮೇಲೆ ಒಂದು ಬಾಕ್ಸನ್ನೂ ಹಿಡಿಯಬೇಡ.

ಗೇಟು ತೆರೆದರೆ ಒಮ್ಮೆಲೇ ಬೀಳುತ್ತದೆಯೇ ಅಂದರೆ, ಇಲ್ಲ. ತೋರ್ಖಮ್ ತೆರೆದರೂ ಅಟಾರಿ ತೆರೆಯಬೇಕು, ಪಾಕಿಸ್ತಾನ ಹಾಯಲು ಬಿಡಬೇಕು. ಮೂರು ಸರಕಾರಗಳು ಒಟ್ಟಿಗೆ ಹೂಂ ಅನ್ನುವ ದಿನ ಇಷ್ಟು ಬೇಗ ಬರುವ ಲಕ್ಷಣ ನನಗೆ ಕಾಣುತ್ತಿಲ್ಲ. ಈ ವರ್ಷ ನಮ್ಮ ರೇಟ್ ಕುದುರುವುದಿದ್ದರೆ ಅದಕ್ಕೆ ಕಾರಣ ಮಳೆ. 2025ರ ಮೇ ತಿಂಗಳಿಂದ ಹತ್ತಿದ ಮಳೆಗೆ ಎಷ್ಟೋ ಪಡಗಳಲ್ಲಿ ಗೊಂಚಲೇ ಬಿಟ್ಟಿಲ್ಲ, ಚಾಟ್ನಿ (ಬಳ್ಳಿ ಸವರುವ ಕೆಲಸ) ಆದ ಮೇಲೆ ದಾವಣಿ ಎಂಬ ಬೂಜು ರೋಗ ಹತ್ತಿದವರೂ ಇದ್ದಾರೆ. ಬೆಳೆ ಎಷ್ಟು ಬರುತ್ತದೆ ಎಂದು ತಾಸಗಾಂವ, ಸಾಂಗ್ಲಿಯ ವ್ಯಾಪಾರಿಗಳು ಈಗಲೇ ಪಡ ಪಡ ಸುತ್ತಿ ನೋಡುತ್ತಿದ್ದಾರೆ. ದಲಾಲರು ಕಾಬೂಲಿನ ಸುದ್ದಿ ಹೇಳಿದರೆ ಕೇಳಿಸಿಕೋ, ಆದರೆ ನಿನ್ನ ಬಾಜೂ ಊರುಗಳಲ್ಲಿ ಎಷ್ಟು ಗೊಂಚಲು ಇವೆ ಎಂದು ನೀನೇ ಹೋಗಿ ನೋಡು.

ಇನ್ನೊಂದು. ಬಾಕ್ಸ್ ಹೊರಗೆ ತೆಗೆದ ಕೂಡಲೇ ಬಾಯಿ ಬಿಚ್ಚಬೇಡ. ಕೋಲ್ಡ್‌ನಿಂದ ಬಂದ ಮಾಲಿನ ಮೇಲೆ ಬೆವರು ಕೂಡುತ್ತದೆ, ಅದರಿಂದ ಕಾಳು ಗಂಟು ಕಟ್ಟಿ ಗ್ರೇಡ್ ಬೀಳುತ್ತದೆ. ನೆರಳಲ್ಲಿಟ್ಟು ಹೊರಗಿನ ಬಿಸುಪಿಗೆ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಬಿಚ್ಚು. ಸ್ಯಾಂಪಲ್ ಹಿಡಿದು ಎಪಿಎಂಸಿಗೆ ಬರುವ ದಿನ ಇಲ್ಲೇ ಒಂದು ಮಾತು ಬರೆ, ನಾನೂ ಬಂದು ಮಾಲು ನೋಡುತ್ತೇನೆ.